ಹೊಸ್ತಿಲಾಚೆಯ ಇಂಗ್ಲಿಷ್

ಈ ಕತೆ ಹೇಳುವ ಯೋಗ್ಯತೆ ನನಗಿದೆಯೋ ಇಲ್ಲವೋ ಗೊತ್ತಿಲ್ಲ. ಅದಕ್ಕೇ ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಒಬ್ಬ ತಾಯಿ, ಒಬ್ಬ ಮಗಳು ಮೆಟ್ಟಿಲ ಮೇಲೆ ಕೂತು ಆಡಿಕೊಂಡ ಮಾತಿದು. ಅಂಥದ್ದನ್ನು ಮೂರನೆಯವರು ಎತ್ತಿ ಆಡುವುದು ಒಳ್ಳೆಯ ಅಭ್ಯಾಸವಲ್ಲ. ಸಾಲದ್ದಕ್ಕೆ ಅದರಲ್ಲಿ ಅರ್ಧ ಮಾತು ಇಂಗ್ಲಿಷಿನಲ್ಲಿ ನಡೆದದ್ದು. ಕನ್ನಡಕ್ಕೆ ತರುವಾಗ ಎಲ್ಲಿ ಏನು ಉದುರಿತೋ, ಎಲ್ಲಿ ಏನು ಅಂಟಿಕೊಂಡಿತೋ ಎಂಬ ಅಳುಕು ಇನ್ನೂ ಹೋಗಿಲ್ಲ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಇಂಗ್ಲಿಷ್ ಆಡುವ ಪರದೇಶವೊಂದರಲ್ಲಿ, ಆಸ್ಪತ್ರೆಯ ಬಟ್ಟೆ ಒಗೆಯುವ ಕಾರ್ಖಾನೆಯಲ್ಲಿ ಆ ತಾಯಿಯನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದರು. ಅದು ಅವಳ ಹೆಸರೆಂದೇ ಅವರ ತಿಳಿವಳಿಕೆ. ಹಿಂದೆ ಅಲ್ಲಿ ಕೆಲಸಕ್ಕಿದ್ದ ಕನ್ನಡದ ಹುಡುಗಿಯೊಬ್ಬಳು "ಅಕ್ಕಾ, ಈ ತುದಿ ಹಿಡ್ಕೊಳ್ಳಿ" ಎನ್ನುವುದನ್ನು ಕೇಳಿ ಉಳಿದವರೂ ಹಿಡಿದುಕೊಂಡಿದ್ದರು. ಹುಡುಗಿ ಕೆಲಸ ಬಿಟ್ಟು ಹೋದಳು, ಹೆಸರು ಉಳಿಯಿತು. ತಲೆ ಪೂರ್ತಿ ನೆರೆತ ಮ್ಯಾನೇಜರ್ ಕೂಡ 'ಮಿಸೆಸ್ ಅಕ್ಕ' ಎಂದೇ ಕರೆಯುವುದು. "ಅಪ್ಪನ ವಯಸ್ಸಿನವರಿಗೂ ಅಕ್ಕ ಆದೆ, ಇನ್ನೇನು ಬೇಕು ನಂಗೆ" ಎಂದು ಅವಳು ಮನೆಗೆ ಬಂದು ಗಂಡನೆದುರು ನಗುತ್ತಿದ್ದಳು. ನಾವೂ ಅವಳನ್ನು ಅಕ್ಕ ಎಂದೇ ಕರೆಯೋಣ.

ಅಕ್ಕನ ಕೆಲಸ ಮಡಿಸುವುದು. ಹಬೆಯಾಡುವ ದೊಡ್ಡ ಉರುಳೆಯ ಕೆಳಗಿನಿಂದ ಹಾಸಿಗೆಯ ಬಟ್ಟೆ ಬಿಸಿಬಿಸಿಯಾಗಿ ಜಾರಿ ಬರುತ್ತದೆ. ಇಬ್ಬರು ಎರಡೆರಡು ತುದಿ ಹಿಡಿದು, ಎಳೆದು, ಅರ್ಧ ಮಾಡಿ, ಎದುರುಬದುರಾಗಿ ನಡೆದು ಬಂದು ಒಬ್ಬರ ತುದಿಯನ್ನು ಇನ್ನೊಬ್ಬರ ಕೈಗೆ ಕೊಡಬೇಕು. ಅವಳ ಜೊತೆಯವಳು ಬೇರೆ ಭಾಷೆಯ ಒಬ್ಬ ಉದ್ದನೆಯ ಹೆಂಗಸು. ಯಂತ್ರಗಳ ಗದ್ದಲದಲ್ಲಿ ಮಾತಿಗೆ ಜಾಗವೇ ಇಲ್ಲ. ಹುಬ್ಬು ಹಾರಿಸಿದರೆ 'ಬೇಗ', ಗದ್ದ ಎತ್ತಿದರೆ 'ಕಲೆ ಇದೆ, ವಾಪಸ್ ಹಾಕು'. ಅಷ್ಟರಲ್ಲೇ ವರ್ಷಗಳು ಕಳೆದಿದ್ದವು. ಮಾತೇ ಇಲ್ಲದೆ ಇಷ್ಟು ಚೆನ್ನಾಗಿ ಹೊಂದಿಕೊಂಡು ಹೋಗಬಹುದು ಎಂಬುದು ಅಕ್ಕನಿಗೆ ಹೆಮ್ಮೆಯ ವಿಷಯ. ಮನೆಯಲ್ಲಿ ಮಗಳು ಮಾತು ಕಡಿಮೆ ಮಾಡಿದಾಗಲೂ ಅವಳು ಮೊದಲು ಹಾಗೇ ಅಂದುಕೊಂಡಿದ್ದಳು: ಹೊಂದಿಕೊಂಡಿದ್ದಾಳೆ ಕೂಸು, ಜಗಳವಿಲ್ಲ, ತಕರಾರಿಲ್ಲ.

ಆ ಮನೆಗೊಂದು ಕಟ್ಟಳೆ ಇತ್ತು. ಚಪ್ಪಲಿಯ ಜೊತೆ ಇಂಗ್ಲಿಷನ್ನೂ ಬಾಗಿಲಾಚೆ ಬಿಟ್ಟು ಬರಬೇಕು.

ಅದನ್ನು ಮಾಡಿದವಳು ಅಕ್ಕನೇ. ಮಗಳು ಆಗ ಶಾಲೆಗೆ ಹೊಸದಾಗಿ ಸೇರಿದ್ದಳು. ಊರಿಂದ ಅಜ್ಜಿ ಫೋನ್ ಮಾಡಿದಾಗ ಮಗು ಪಟಪಟನೆ ಇಂಗ್ಲಿಷಿನಲ್ಲಿ ಏನೋ ಹೇಳಿತು. ಆ ಕಡೆ ಅಜ್ಜಿಗೆ ಒಂದಕ್ಷರವೂ ತಿಳಿಯಲಿಲ್ಲ. ಆಮೇಲೆ, "ಮಗೂಗೆ ನಿದ್ದೆ ಬಂದಿರ್ಬೇಕು, ಮಲಗಿಸು" ಎಂದು ಫೋನ್ ಇಟ್ಟಳು. ತನ್ನ ತಾಯಿ ಸೋತು ಹಿಂದೆ ಸರಿದ ಆ ದನಿ ಅಕ್ಕನ ಕಿವಿಯಲ್ಲೇ ಉಳಿಯಿತು. ಮನೆಯಲ್ಲೂ ಇಂಗ್ಲಿಷ್ ಆಡಿದರೆ ಮಗು ಬೇಗ ಮುಂದೆ ಬರುತ್ತದೆ ಎಂದು ಶಾಲೆಯವರು ಹೇಳಿಕಳಿಸಿದ್ದರು. ಅಕ್ಕ ಅದಕ್ಕೆ ತದ್ವಿರುದ್ಧ ಮಾಡಿದಳು. "ಹೊಸ್ತಿಲಾಚೆ ಬೇಕಾದ್ದು ಮಾತಾಡು. ಒಳಗೆ ಬಂದ್ರೆ ಕನ್ನಡ."

ಮಗಳು ಪಾಲಿಸಿದಳು. ಅದೇ ತೊಂದರೆಯಾದದ್ದು.

ಅವರ ಮನೆ ಮೂರನೆಯ ಮಹಡಿಯಲ್ಲಿ. ಬಾಗಿಲ ಮುಂದೆ ಸಿಮೆಂಟಿನ ಮೆಟ್ಟಿಲು, ಕಬ್ಬಿಣದ ಕಟಕಟೆ, ಗೋಡೆಯಲ್ಲೊಂದು ಗುಂಡಿ. ಗುಂಡಿ ಒತ್ತಿದರೆ ದೀಪ ಸ್ವಲ್ಪ ಹೊತ್ತು ಉರಿದು ತಾನೇ ಆರುತ್ತದೆ. ಮಗಳ ಫೋನು, ಗೆಳತಿಯರು, ನಗು, ಜಗಳ ಎಲ್ಲವೂ ಮೆಲ್ಲಮೆಲ್ಲಗೆ ಆ ಮೆಟ್ಟಿಲಿಗೆ ಹೋಗಿ ಸೇರಿದವು. ಅಡುಗೆಮನೆಯಲ್ಲಿ ನಿಂತ ಅಕ್ಕನಿಗೆ ಬಾಗಿಲಾಚೆಯಿಂದ ಮಗಳ ನಗು ಕೇಳುತ್ತಿತ್ತು. ಒಳಗೆ ಬಂದರೆ "ಊಟ ಆಯ್ತು", "ನಿದ್ದೆ ಬರ್ತಿದೆ", "ಬೇಜಾರು". ಕೋಪ ಬಂದರೂ ಬೇಜಾರು, ಅಳು ಬಂದರೂ ಬೇಜಾರು, ಬಸ್ ತಪ್ಪಿದರೂ ಬೇಜಾರು. "ನಿನ್ನ ಬೇಜಾರಿಗೆ ಕೆಲಸ ಜಾಸ್ತಿ ಆಯ್ತು ಕಣೇ, ಪಾಪ ಅದಕ್ಕೂ ರಜೆ ಕೊಡು" ಎಂದು ಅಕ್ಕ ತಮಾಷೆ ಮಾಡುತ್ತಿದ್ದಳು. ಈಗ ಮಗಳು ದೊಡ್ಡವಳು. ಕಟ್ಟುಹಲ್ಲು ತಯಾರಿಸುವ ಕಾರ್ಯಾಗಾರದಲ್ಲಿ ಕೆಲಸ. ಗೊತ್ತಿಲ್ಲದವರ ಬಾಯಿಗೆ ಹಲ್ಲು ಕೆತ್ತುವವಳು ತನ್ನ ಬಾಯನ್ನು ಮಾತ್ರ ಮನೆಯಲ್ಲಿ ತೆರೆಯುವುದಿಲ್ಲ ಎಂದು ಅವಳ ಅಪ್ಪನ ದೂರು. ಮನೆಯಲ್ಲಿ ಅವಳ ಹೆಸರು ಇನ್ನೂ ಪುಟ್ಟಿ.

ಅಕ್ಕನಿಗೆ ಬೇಕಿದ್ದದ್ದು ಒಂದೇ: ಮೆಟ್ಟಿಲ ಮೇಲಿನ ಆ ಹುಡುಗಿ ಒಮ್ಮೆ ತನ್ನ ಜೊತೆಗೂ ಮಾತಾಡಲಿ. ಅದನ್ನು ಹೇಗೆ ಕೇಳುವುದೆಂದು ತಿಳಿಯದೆ ಕೂತಿದ್ದಾಗ ಭುಜ ನೋವು ನೆವವಾಗಿ ಬಂತು.

ವರ್ಷಾನುಗಟ್ಟಲೆ ಎಳೆದೂ ಎಳೆದೂ ಬಲಭುಜ ಸವೆದುಹೋಗಿತ್ತು. ಇನ್ನು ಎಳೆಯಬೇಡ ಎಂದರು ವೈದ್ಯರು. ಅದೇ ಹೊತ್ತಿಗೆ ಮಡಿಸುವ ವಿಭಾಗದ ಮೇಲ್ವಿಚಾರಕಿ ನಿವೃತ್ತಳಾಗುವವಳಿದ್ದಳು. ಗಾಜಿನ ಕೋಣೆಯಲ್ಲಿ ಕೂತು, ಆಸ್ಪತ್ರೆಯಿಂದ ಬರುವ ಫೋನ್ ಎತ್ತಿ, ಯಾವ ವಾರ್ಡಿಗೆ ಯಾವ ಬಟ್ಟೆ ಎಂದು ನೋಡಿಕೊಳ್ಳುವ ಕೆಲಸ. ಆ ವಾರ್ಡುಗಳಿಗೆ ಬೇಕಾದದ್ದು ಅಕ್ಕನಿಗೆ ಬಾಯಿಪಾಠ. ಆದರೆ ಕಚೇರಿಯವರು ಕೂರಿಸಿ ಇಂಗ್ಲಿಷಿನಲ್ಲಿ ಮಾತಾಡಿಸಿ ನೋಡುತ್ತಾರೆ. ಅಕ್ಕನ ಇಂಗ್ಲಿಷ್ ಎಂದರೆ 'ಎಸ್', 'ನೋ', 'ಸ್ಟಾಪ್ ಮೆಷಿನ್'. ಎದುರಿನವರು ಉದ್ದಕ್ಕೆ ಮಾತಾಡಿ ಏನೂ ತಿಳಿಯದೆ ಹೋದರೆ ನಗುಮುಖದಿಂದ 'ವೆರಿ ಗುಡ್'. ಆ 'ವೆರಿ ಗುಡ್' ಅವಳನ್ನು ಎಷ್ಟೋ ಕಡೆ ದಾಟಿಸಿತ್ತು.

"ಪುಟ್ಟೀ, ನಂಗೆ ಇಂಗ್ಲಿಷ್ ಹೇಳ್ಕೊಡ್ತೀಯಾ?" ಎಂದಳು ಒಂದು ಸಂಜೆ.

ಮಗಳು ತಟ್ಟೆಯಿಂದ ತಲೆ ಎತ್ತಿದಳು. "ಎಲ್ಲಿ?"

ಅಪ್ಪನಿಗೆ ನಗು ತಡೆಯಲಾಗಲಿಲ್ಲ. ಆತ ಬೇಕರಿಯ ವ್ಯಾನ್ ಓಡಿಸುವವನು, ಎಲ್ಲದರಲ್ಲೂ ತಮಾಷೆ ಹುಡುಕುವವನು. "ಒಳ್ಳೇ ಪ್ರಶ್ನೆ. ಕಾನೂನು ಮಾಡಿದೋರೇ ಹೇಳಲಿ."

ತಾನು ಮಾಡಿದ ಕಟ್ಟಳೆಯನ್ನು ತಾನೇ ಮುರಿಯಲು ಅಕ್ಕನಿಗೆ ನಾಚಿಕೆ. "ಮೆಟ್ಟಿಲ ಮೇಲೆ" ಎಂದಳು.

ಹೀಗೆ ಅವಳು ತನ್ನದೇ ಮನೆಯ ಹೊರಗೆ, ಮಗಳ ಪಕ್ಕದಲ್ಲಿ ಮೊದಲ ಸಲ ಕೂತಳು. ಸಿಮೆಂಟು ತಣ್ಣಗಿತ್ತು. ಮಗಳು ಒಳಗೆ ಹೋಗಿ ಒಂದು ದಿಂಬು ತಂದು ಕೊಟ್ಟಳು.

ಮೆಟ್ಟಿಲ ಮೇಲೆ ಎಲ್ಲವೂ ತಲೆಕೆಳಗಾಯಿತು. ಇಂಗ್ಲಿಷಿನಲ್ಲಿ ತಾಯಿ ಮಗುವಾದಳು, ಮಗಳು ದೊಡ್ಡವಳಾದಳು. "ನಾನು ಕೆಲಸ ಇಲ್ಲಿ. ತುಂಬ ವರ್ಷ. ಬಟ್ಟೆ ಮಡಿಸು" ಎಂಬಂಥ ಮಾತನ್ನು ಅಕ್ಕ ಬೆವರೊರೆಸಿಕೊಂಡು ಜೋಡಿಸುವಳು. ಮಗಳು ಮುಖ ನೋಡದೆ, ಕಟಕಟೆಯ ಸರಳನ್ನು ಉಗುರಿನಿಂದ ಕೆರೆಯುತ್ತ ಕಾಯುವಳು. ಮುಗಿದ ಮೇಲೆ ಅದೇ ಮಾತನ್ನು ಸರಿಯಾಗಿ ತಾನೊಮ್ಮೆ ಮೆಲ್ಲಗೆ ಹೇಳಿ, "ಅರ್ಥವಾಯಿತಾ?" ಎಂದು ಇಂಗ್ಲಿಷಿನಲ್ಲೇ ಕೇಳುವಳು. ಅಕ್ಕ ತಡವರಿಸಿದರೆ ಒಂದೇ ಮಾತು: "ಟೇಕ್ ಯುವರ್ ಟೈಮ್, ಅಮ್ಮ."

ಮೊದಮೊದಲು ಅಕ್ಕನ ಗಮನವೆಲ್ಲ ಪದಗಳ ಮೇಲೆ. ಒಂದು ಸಂಜೆ ಭಯಂಕರವಾದದ್ದೇನೋ ಹೇಳಿಬಿಟ್ಟಳು. ದಿಂಬಿನ ಗವಸುಗಳು ರೋಗಿಗಳನ್ನು ತೊಳೆಯುತ್ತವೆ ಎಂಬ ಅರ್ಥ ಬಂತಂತೆ. ತಪ್ಪು ತಿಳಿದ ಕೂಡಲೇ ಅವಳು ತಲೆ ತಗ್ಗಿಸಿ ನಗುವಿಗಾಗಿ ಕಾದಳು. ನಗು ಬರಲಿಲ್ಲ. ಮಗಳು ಸರಿಯಾದ ಮಾತನ್ನು ಹೇಳಿ ಮುಂದೆ ಹೋದಳು.

ಆ ದಿನ ಅಡುಗೆಮನೆಗೆ ಬಂದ ಮೇಲೂ ಅಕ್ಕನಿಗೆ ಅದೇ ಯೋಚನೆ. ಯಾಕೆ ನಗಲಿಲ್ಲ ಇವಳು? ತಾನಾಗಿದ್ದರೆ?

ತಾನಾಗಿದ್ದರೆ ನಗುತ್ತಿದ್ದಳು. ನಕ್ಕಿದ್ದಳು ಕೂಡ. ಮಗಳು ಶಾಲೆಗೆ ಹೋಗುತ್ತಿದ್ದಾಗ ಒಮ್ಮೆ ಚಿಕ್ಕಪ್ಪ, ಅಂದರೆ ಅಕ್ಕನ ಮೈದುನ, ಊಟಕ್ಕೆ ಬಂದ. ಮಗು ಬಾಗಿಲು ತೆಗೆದು ಒಳಗೆ ಓಡಿ ಬಂದು, "ಅಮ್ಮಾ, ಚಿಕ್ಕಪ್ಪ ಬಂತು!" ಎಂದಿತು. ಬಸ್ಸು ಬಂತು, ಬೆಕ್ಕು ಬಂತು ಎಂಬ ಹಾಗೆ. ಮನೆಯೆಲ್ಲ ಬಿದ್ದು ಬಿದ್ದು ನಕ್ಕಿತು, ಎಲ್ಲರಿಗಿಂತ ಜಾಸ್ತಿ ಅಕ್ಕನೇ. ಅಲ್ಲಿಗೆ ಮುಗಿಯಲಿಲ್ಲ. ಇವತ್ತಿಗೂ ಮೈದುನ ಭಾನುವಾರ ಬಂದರೆ ಬಾಗಿಲಲ್ಲಿ ನಿಂತು ಕೂಗುವುದು "ಚಿಕ್ಕಪ್ಪ ಬಂತು!" ಎಂದೇ. ಮಗಳು ಏನಾದರೂ ಹೇಳಲು ಬಾಯಿ ತೆರೆದರೆ, "ತಡಿ ತಡಿ, ಕನ್ನಡ ಪಂಡಿತರು ಮಾತಾಡ್ತಾರೆ" ಎನ್ನುವುದು. ಎಲ್ಲವೂ ಪ್ರೀತಿಯಿಂದಲೇ. ಪ್ರೀತಿಯಲ್ಲದೆ ಇನ್ನೇನು? ಆದರೆ ಮಗಳು ಒಂದೊಂದಾಗಿ ಮಾತು ಬಿಡುತ್ತ ಹೋಗಿ, ತಪ್ಪಾಗುವ ಭಯವಿಲ್ಲದ ಎರಡು ಮೂರು ಪದಗಳನ್ನಷ್ಟೇ ಇಟ್ಟುಕೊಂಡಿದ್ದಾಳೆ ಎಂಬುದು ಅಕ್ಕನಿಗೆ ಒಲೆಯ ಮುಂದೆ ನಿಂತಾಗ ಹೊಳೆಯಿತು. ಹೊಂದಿಕೆ ಎಂದು ತಾನು ತಿಳಿದದ್ದು ಬೇರೇನೋ ಆಗಿತ್ತು. ಸಾರು ಸೀದುಹೋಯಿತು.

ಹೊಳೆದದ್ದನ್ನು ಏನು ಮಾಡಬೇಕೆಂದು ಗೊತ್ತಾಗುವ ಮುಂಚೆ ಇನ್ನೊಂದು ಸಂಗತಿ ನಡೆಯಿತು.

ಮಾರನೆಯ ದಿನದ ಪಾಠ ಮುಗಿಯುತ್ತ ಬಂದಿತ್ತು. ದೀಪ ಆರಿತು. ಸಾಮಾನ್ಯವಾಗಿ ಮಗಳು ಎದ್ದು ಗುಂಡಿ ಒತ್ತುವಳು, ಅಂದು ಏಳಲಿಲ್ಲ. ಕೆಳಗಿನ ಮಹಡಿಯ ಕಿಟಕಿಯಿಂದ ಸಂಜೆಯ ಮಬ್ಬು ಬೆಳಕು ಮಾತ್ರ. ಮಗಳು ಇಂಗ್ಲಿಷಿನಲ್ಲಿ ಶುರು ಮಾಡಿದಳು. ಕೆಲಸದ ಹತ್ತಿರ ಒಂದು ಕೋಣೆ ನೋಡಿದ್ದೇನೆ, ಜೊತೆ ಕೆಲಸದ ಗೆಳತಿಯೊಬ್ಬಳು ಇರುತ್ತಾಳೆ, ಮುಂದಿನ ತಿಂಗಳು ಅಲ್ಲಿಗೆ ಹೋಗುತ್ತೇನೆ ಎಂದಳು. ಇಷ್ಟು ಅಕ್ಕನಿಗೆ ತಿಳಿಯಿತು. ಆಮೇಲೆ ಮಗಳ ಮಾತು ವೇಗ ಪಡೆಯಿತು. ಪಾಠದ ಇಂಗ್ಲಿಷ್ ಅಲ್ಲ ಅದು, ಗೆಳತಿಯರ ಜೊತೆ ಆಡುವ, ನೀರಿನಂತೆ ಓಡುವ ಇಂಗ್ಲಿಷ್. ಅಕ್ಕ ಪ್ರವಾಹದಲ್ಲಿ ಕೈಗೆ ಸಿಕ್ಕ ಕಡ್ಡಿಗಳನ್ನು ಹಿಡಿದಳು: 'ಒಳಗೆ', 'ಚಿಕ್ಕ', 'ನಗು', ಮತ್ತೊಮ್ಮೆ 'ಒಳಗೆ'. ಎಷ್ಟೋ ವರ್ಷದಿಂದ ಬಾಗಿಲಾಚೆಯಿಂದ ಕೇಳುತ್ತಿದ್ದ ದನಿ ಇವತ್ತು ತನಗೇ ಹೇಳುತ್ತಿದೆ. ತನಗೇನೂ ಹಿಡಿಯುತ್ತಿಲ್ಲ.

ಮಾತು ನಿಂತಿತು. ಮಗಳು ಕಾದಳು. ಏನಾದರೂ ಹೇಳಲೇಬೇಕಿತ್ತು. ಅಕ್ಕನ ಬಾಯಿ, ಅದಕ್ಕೆ ಅಭ್ಯಾಸವಾದ ದಾರಿಯಲ್ಲಿ, ತಾನೇ ಹೇಳಿಬಿಟ್ಟಿತು:

"ವೆರಿ ಗುಡ್."

ಮಗಳು ಎದ್ದಳು. ಬಾಗಿಲು ತೆಗೆದು ಒಳಗೆ ಹೋದಳು. ಅಂದು ಅವಳು "ಅರ್ಥವಾಯಿತಾ?" ಎಂದು ಕೇಳಲಿಲ್ಲ.

ಆಮೇಲಿನ ದಿನಗಳು ಅಕ್ಕನಿಗೆ ಮುಳ್ಳಿನ ಮೇಲೆ ಕಳೆದವು. ಮಗಳು ಹೋಗುತ್ತೇನೆಂದಳು, ತಾಯಿ ಭೇಷ್ ಎಂದಳು! ಬಿಸಿ ಬಟ್ಟೆಯ ತುದಿ ಹಿಡಿದು ನಿಂತವಳು ಎದುರು ನಡೆಯುವುದನ್ನೇ ಮರೆತಳು; ಉದ್ದನೆಯವಳು ಹುಬ್ಬು ಹಾರಿಸಿ ಹಾರಿಸಿ ಸುಸ್ತಾದಳು. ಮನೆಯಲ್ಲಿ ಕೇಳೋಣವೆಂದರೆ ಒಳಗೆ ಆ ವಿಷಯ ಹುಟ್ಟೇ ಇರಲಿಲ್ಲ. ಆ ಸುದ್ದಿ ಚಪ್ಪಲಿಗಳ ಜೊತೆ ಹೊರಗೇ ಕೂತಿತ್ತು. ಮೆಟ್ಟಿಲ ಮೇಲೆ ಕೇಳೋಣವೆಂದರೆ ಅವಳ ಇಂಗ್ಲಿಷಿಗೆ ಅಷ್ಟು ತಾಕತ್ತಿಲ್ಲ. ಪಾಠಗಳು ನಡೆದವು, ವಾರ್ಡು, ಗವಸು, ಫೋನು. ಆ ಮಾತನ್ನು ಇಬ್ಬರೂ ಸುತ್ತುಬಳಸಿ ನಡೆದರು.

ಭಾನುವಾರ ಮೈದುನ ಬಂದ. ಬಾಗಿಲಲ್ಲಿ ನಿಂತು ಎಂದಿನ ಹಾಗೆ ಕೂಗಿದ:

"ಚಿಕ್ಕಪ್ಪ ಬಂತು! ಎಲ್ಲಿ ನಮ್ಮ ಕನ್ನಡ ಪಂಡಿತರು?"

ಮಗಳು ತುಟಿಯಂಚಿನಲ್ಲಿ ನಕ್ಕಳು. ಚಿಕ್ಕವಳಿದ್ದಾಗಿನಿಂದ ನಕ್ಕಂತೆಯೇ. ಆಮೇಲೆ ಫೋನ್ ಎತ್ತಿಕೊಂಡು, ಅವನ ಪಕ್ಕದಿಂದ ಜಾರಿ ಹೊರಗೆ ಹೋದಳು. ಬಾಗಿಲು ಮೆಲ್ಲಗೆ ಮುಚ್ಚಿತು. ಫೋನ್ ಬಂದಿರಲಿಲ್ಲ, ಅಕ್ಕ ನೋಡಿದ್ದಳು.

"ಏನತ್ತಿಗೆ, ಪಂಡಿತರು ಕೋಪ ಮಾಡ್ಕೊಂಡ್ರಾ?"

"ಚಿಕ್ಕಪ್ಪ ಬಂತಲ್ಲ" ಎಂದಳು ಅಕ್ಕ, ಕೈ ಒರೆಸಿಕೊಳ್ಳುತ್ತ, "ಇನ್ನು ಬಾಯಿ ಮುಚ್ಕೊಂಡು ಕೂತ್ಕೊಳ್ಳುತ್ತೆ. ಕಾಫಿ ಕೊಟ್ರೆ ಕುಡಿಯುತ್ತೆ. ಇನ್ನೊಂದ್ಸಲ ಹಾಗೆ ಕೂಗಿದ್ರೆ ಮೆಟ್ಟಿಲಿಂದಾನೇ ವಾಪಸ್ ಹೋಗುತ್ತೆ."

ಮೈದುನ ನಗಬೇಕೋ ಬೇಡವೋ ತಿಳಿಯದೆ ಅಣ್ಣನ ಮುಖ ನೋಡಿದ. ಅಣ್ಣ ಮೇಲೆ ಸೂರು ನೋಡಿದ. "ನನ್ನ ಕೇಳ್ಬೇಡಪ್ಪ. ನಾನು ಈ ಮನೇಲಿ ಬರೀ ಡ್ರೈವರ್."

ಅಕ್ಕ ಬಾಗಿಲು ತೆಗೆದು ಹೊರಗೆ ಬಂದಳು. ಮಗಳು ಮೆಟ್ಟಿಲ ಮೇಲೆ ಸುಮ್ಮನೆ ಕೂತಿದ್ದಳು. ಪಕ್ಕದಲ್ಲಿ ಕೂತು, ಇಂಗ್ಲಿಷಿಗಾಗಿ ತಡಕಾಡಿ, ಕೈಬಿಟ್ಟು, ಕನ್ನಡದಲ್ಲೇ ಹೇಳಿದಳು. ಇಂಗ್ಲಿಷ್ ಒಳಗೆ ಬರಬಾರದೆಂದು ಕಟ್ಟಳೆ ಇತ್ತೇ ಹೊರತು ಕನ್ನಡ ಹೊರಗೆ ಹೋಗಬಾರದೆಂದು ಇರಲಿಲ್ಲ. ಇಷ್ಟು ವರ್ಷ ಅವಳಿಗೆ ಹೊಳೆದಿರಲಿಲ್ಲ, ಅಷ್ಟೇ.

"ಅವತ್ತು ನಾನು ವೆರಿ ಗುಡ್ ಅಂದದ್ದು ವೆರಿ ಗುಡ್ ಅಲ್ಲ ಕಣೇ."

ಮಗಳು ತಿರುಗಿ ನೋಡಿದಳು. ನಗು, ಅಳು ಎರಡೂ ಒಟ್ಟಿಗೆ ಬಂದವು. "ಗೊತ್ತು ಅಮ್ಮ. ನಿಂಗೆ ಅರ್ಥ ಆಗ್ದೇ ಇದ್ರೆ ವೆರಿ ಗುಡ್ ಅಂತೀಯ."

"ಗೊತ್ತಿದ್ದೂ ಸುಮ್ನಿದ್ಯಾ?"

ದೀಪ ಆರಿತು. ಈ ಸಲ ಅಕ್ಕ ಎದ್ದು ಗುಂಡಿ ಒತ್ತಿದಳು.

"ಈಗ ಹೇಳು. ಕನ್ನಡದಲ್ಲಿ ಬರ್ದೇ ಇದ್ರೆ ಬಂದಷ್ಟು ಹೇಳು. ನಿಧಾನಕ್ಕೆ ಹೇಳು."

ಮಗಳು ಬಹಳ ಹೊತ್ತು ಸರಳು ಕೆರೆದಳು. "ಒಳಗೆ... ಒಳಗೆ ನಾನು ಚಿಕ್ಕೋಳು. ಇಲ್ಲಿ ದೊಡ್ಡೋಳು. ಕೆಲಸದಲ್ಲಿ ಎಲ್ಲರೂ ನನ್ನ ಕೇಳುತ್ತೆ... ನನ್ನ ಹತ್ರ ಕೇಳುತ್ತೆ, ಹೇಗೆ ಮಾಡೋದು ಅಂತ. ಮನೇಲಿ ನನ್ನ ಹತ್ರ ಮಾತು ಇಲ್ಲ. ಊಟ ಇದೆ. ನಿದ್ದೆ ಇದೆ. ಬೇಜಾರು ಇದೆ. ಹತ್ತು ವರ್ಷದ ಹುಡುಗಿ ಮಾತು. ನಾನು ಆ ಹುಡುಗಿ ಅಲ್ಲ ಅಮ್ಮ. ಅವಳ ಹಾಗೆ ಮಾತಾಡಿ ಮಾತಾಡಿ ನಂಗೆ..." ಪದ ಸಿಗಲಿಲ್ಲ. "ಬೇಜಾರು."

'ಎಲ್ಲರೂ ಕೇಳುತ್ತಾರೆ' ಎಂದು ತಿದ್ದಲು ಅಕ್ಕನ ನಾಲಿಗೆ ತುರಿಸಿತು. ನಾಲಿಗೆ ಕಚ್ಚಿಕೊಂಡಳು. ನಿಜವಾಗಿಯೂ ಕಚ್ಚಿಕೊಂಡಳು, ನೋವಾಯಿತು.

"ಯಾವ ಬೇಜಾರು?"

"ಯಾವ ಅಂದ್ರೆ?"

"ಸಿಟ್ಟು ಬರೋದಾ? ಎದೆ ಭಾರ ಆಗೋದಾ? ಯಾರೂ ಇಲ್ಲ ಅನ್ಸೋದಾ?"

ಮಗಳು ಯೋಚಿಸಿದಳು, ಅಂಗಡಿಯಲ್ಲಿ ಬಣ್ಣ ಆರಿಸುವವಳ ಹಾಗೆ. "ಎದೆ ಭಾರ" ಎಂದಳು ಮೊದಲು. ಆಮೇಲೆ, "ಸ್ವಲ್ಪ ಸಿಟ್ಟು. ನಿನ್ನ ಮೇಲೆ."

"ಸ್ವಲ್ಪಾನಾ?"

"ಜಾಸ್ತಿ."

"ಹೂಂ. ಹೇಳು" ಎಂದಳು ಅಕ್ಕ.

ಅವರು ಅಲ್ಲಿ ತುಂಬ ಹೊತ್ತು ಕೂತಿದ್ದರು. ಕನ್ನಡ ಸಾಲದಾದಾಗ ಮಗಳು ಇಂಗ್ಲಿಷಿಗೆ ಜಿಗಿದಳು. ಅಕ್ಕ "ತಡಿ, ಅದು ತಿಳೀಲಿಲ್ಲ" ಎಂದಳು. ಆ ಮಾತನ್ನು ಅವಳು ಯಾರೆದುರಿಗೂ ಹೇಳಿದವಳಲ್ಲ. ನಡುವೆ ಗಂಡ ಬಾಗಿಲು ಸಂದಿಯಿಂದ ಕಾಫಿ ಚಾಚಿ, ಯಾರ ಮುಖವನ್ನೂ ನೋಡದೆ ಒಳಗೆ ಹೋದ. ಮನೆ ಬಿಟ್ಟು ಹೋಗಬೇಡ ಎಂದು ಅಕ್ಕ ಮಗಳನ್ನು ಕೇಳಲಿಲ್ಲ. ಕೇಳಬೇಕೆಂದು ಬಹಳ ಅನಿಸಿತ್ತು. ಎದ್ದು ನಿಂತಾಗ ಹೇಳಿದ್ದು ಇಷ್ಟೇ: "ಇನ್ಮೇಲೆ ಒಳಗೂ ನಿಂಗೆ ಬಂದ ಹಾಗೆ ಮಾತಾಡು."

ಊಟಕ್ಕೆ ಕೂತಾಗ ಗಂಡ ಕೇಳಿದ, "ಕಾನೂನು ರದ್ದಾ? ಹಾಗಾದ್ರೆ ಚಪ್ಪಲೀನೂ ಒಳಗೆ ತರಬಹುದಾ?"

"ಚಪ್ಪಲಿ ಹೊರಗೇ ಇರಲಿ" ಎಂದರು ತಾಯಿ ಮಗಳು ಒಟ್ಟಿಗೆ. ಮೈದುನ ತಲೆ ತಗ್ಗಿಸಿ ಉಂಡ. ಹೊರಡುವಾಗ, "ಬರ್ತೀನಿ ಪುಟ್ಟೀ" ಎಂದು ಸರಿಯಾಗಿ ಹೇಳಿ ಹೋದ.

ಕಚೇರಿಯವರು ಅಕ್ಕನನ್ನು ಕೂರಿಸಿ ಮಾತಾಡಿಸಿದ್ದು ಅದಾದ ಕೆಲವು ದಿನಕ್ಕೆ. ಎರಡು ಕುರ್ಚಿಯಲ್ಲಿ ಇಬ್ಬರು. ಫೋನಿನ ಬಗ್ಗೆ, ಬಟ್ಟೆಯ ಬಗ್ಗೆ ಕೇಳಿದ್ದಕ್ಕೆ ಹೇಗೋ ದಾಟಿದಳು. ನಡುವೆ ಒಂದು ಉದ್ದ ಪ್ರಶ್ನೆ ಬಂತು. 'ವೆರಿ ಗುಡ್' ನಾಲಿಗೆಯ ತುದಿಯವರೆಗೆ ಬಂದು ನಿಂತಿತು. ನುಂಗಿಕೊಂಡು, ತಿಳಿಯಲಿಲ್ಲ, ಇನ್ನೊಮ್ಮೆ ಹೇಳಿ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಅವರು ಇನ್ನೊಮ್ಮೆ ಹೇಳಿದರು: ನಿಮ್ಮ ಕೈಕೆಳಗಿನವರಿಗೆ ನಿಮ್ಮ ಮಾತು, ನಿಮಗೆ ಅವರ ಮಾತು ಅರ್ಥವಾಗದಿದ್ದರೆ ಏನು ಮಾಡುತ್ತೀರಿ?

"ನಗುವುದಿಲ್ಲ" ಎಂದಳು ಅಕ್ಕ ತನ್ನ ಹರಕು ಇಂಗ್ಲಿಷಿನಲ್ಲಿ. ಸ್ವಲ್ಪ ತಡೆದು, "ಕಾಯುತ್ತೇನೆ."

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಈ ಉತ್ತರದಿಂದಲೇ ಕೆಲಸ ಸಿಕ್ಕಿತೆಂದು ನಾನು ಹೇಳಲಾರೆ. ಬೇರೆ ಯಾರೂ ಅರ್ಜಿ ಹಾಕಿರಲಿಲ್ಲ ಎಂಬ ಮಾತೂ ಇದೆ. ಸಿಕ್ಕಿದ್ದಂತೂ ನಿಜ. ಈಗ ಗಾಜಿನ ಕೋಣೆಯಲ್ಲಿ ಫೋನ್ ಎತ್ತಿ ಅಕ್ಕ ಮಾತಾಡುವಾಗ, ಆ ಕಡೆಯ ಹೊಸ ದಾದಿಯರು ಗಾಬರಿಯಿಂದ ತಡವರಿಸಿದರೆ, ಅವಳ ಬಾಯಿಂದ ಮಗಳ ಮಾತು ಮಗಳದೇ ರಾಗದಲ್ಲಿ ಬರುತ್ತದೆ: ಟೇಕ್ ಯುವರ್ ಟೈಮ್. ಉದ್ದನೆಯವಳು ಗಾಜಿನಾಚೆಯಿಂದ ಹುಬ್ಬು ಹಾರಿಸಿ ಅಣಕಿಸುತ್ತಾಳೆ.

ಮಗಳು ಹೇಳಿದಂತೆ ಕೋಣೆಗೆ ಹೋದಳು. ಮೆಟ್ಟಿಲ ದಿಂಬನ್ನೂ ಕೇಳಿ ತೆಗೆದುಕೊಂಡು ಹೋದಳು. ಬಿಡುವಾದಾಗ ಬರುತ್ತಾಳೆ, ಒಳಗೇ ಕೂರುತ್ತಾಳೆ, ಎರಡೂ ಭಾಷೆ ಕಲಸಿ ಮಾತಾಡುತ್ತಾಳೆ. ಕೆಲವು ಸಲ ಮಾತು ಬತ್ತಿ, ಮೊದಲಿನ ಹಾಗೆ ಬರೀ ಊಟ, ನಿದ್ದೆ ಎಂದು ಹೋಗುವುದೂ ಇದೆ.

ಒಂದು ವಿಷಯ ಮಾತ್ರ ನನಗೆ ತಿಳಿದಿಲ್ಲ. ಆ ಸಂಜೆ, ದೀಪ ಆರಿದಾಗ, ಮಗಳು ಅದನ್ನೆಲ್ಲ ಇಂಗ್ಲಿಷಿನಲ್ಲಿ ಹೇಳಿದ್ದು ತಾಯಿಗೆ ಈಗ ಅರ್ಥವಾಗುತ್ತದೆ ಎಂಬ ನಂಬಿಕೆಯಿಂದಲೋ, ಅರ್ಥವಾಗುವುದಿಲ್ಲ ಎಂಬ ಧೈರ್ಯದಿಂದಲೋ? ಅಕ್ಕ ಮತ್ತೆ ಕೇಳಲಿಲ್ಲ. ಮಗಳು ಹೇಳಲಿಲ್ಲ. ನನಗೆ ಗೊತ್ತಿಲ್ಲ.